ಹಕ್ಕಲು ಆಯುವವರನ್ನು ಕೊಂಡ ಶಾಂಪೇನ್ ಒಡತಿ

ಒಂದು ಚಿತ್ರಕ್ಕೆ 3 ಲಕ್ಷ ಫ್ರಾಂಕ್. ಅದೂ 1889ರಲ್ಲಿ. ಕೊಟ್ಟವರು ಫ್ರಾನ್ಸಿನ ರೀಮ್ಸ್ ಊರಿನ ಶಾಂಪೇನ್ ಮನೆತನವೊಂದರ ಒಡತಿ, ಮದಾಮ್ ಲೂಯಿಸ್ ಪೊಮ್ಮೆರಿ. ಆಗ ಅವರಿಗೆ ಎಪ್ಪತ್ತರ ಆಸುಪಾಸು. ಚಿತ್ರದಲ್ಲಿ ರಾಜನೂ ಇಲ್ಲ, ದೇವತೆಯೂ ಇಲ್ಲ. ಕೊಯ್ಲು ಮುಗಿದ ಹೊಲದಲ್ಲಿ ಸೊಂಟ ಬಗ್ಗಿಸಿ ಉದುರಿದ ತೆನೆ ಆಯುತ್ತಿರುವ ಮೂವರು ಬಡ ಹೆಂಗಸರು, ಅಷ್ಟೇ. ಇಷ್ಟು ದುಡ್ಡು ಕೊಟ್ಟು ಕೊಂಡದ್ದನ್ನು ಅವರು ಮಕ್ಕಳಿಗೆ ಬಿಡಲಿಲ್ಲ. ದೇಶಕ್ಕೆ ಬರೆದುಕೊಟ್ಟರು.

ಇದನ್ನು ‘ದೊಡ್ಡ ಮನಸ್ಸಿನ ದಾನ’ ಎಂದು ಒಂದು ಸಾಲಿನಲ್ಲಿ ಮುಗಿಸಬಹುದು. ಸಾಮಾನ್ಯವಾಗಿ ಹಾಗೇ ಮುಗಿಸುತ್ತಾರೆ. ನನಗೆ ಈ ಪ್ರಕರಣ ಇಷ್ಟವಾಗುವುದು ಬೇರೆ ಕಾರಣಕ್ಕೆ. ಶ್ರೀಮಂತರ ಊಟದ ಮೇಜಿಗೆ ಹೋಗುವ ಪಾನೀಯ ಮಾರಿ ಬಂದ ಹಣ ಒಂದು ತುತ್ತು ಕಾಳಿಗಾಗಿ ಬಗ್ಗಿದವರ ಚಿತ್ರಕ್ಕೆ ಹೋಯಿತು. ಆ ದಾರಿಯಲ್ಲಿ ಯಾರಿಗೆ ಏನು ಸಿಕ್ಕಿತು, ಯಾರಿಗೆ ಏನೂ ಸಿಗಲಿಲ್ಲ ಅನ್ನೋದನ್ನು ನೋಡಬೇಕು.

ಮೊದಲು ಚಿತ್ರ

ಝಾನ್ ಫ್ರಾನ್ಸ್ವಾ ಮಿಲೆ 1857ರಲ್ಲಿ ಬರೆದದ್ದು. ಫ್ರೆಂಚಿನಲ್ಲಿ ‘ಲೆ ಗ್ಲಾನ್ಯೂಸ್’. ಇಂಗ್ಲಿಷ್ ಹೆಸರನ್ನು ಹಿಡಿದು ಕನ್ನಡಕ್ಕೆ ತರಲು ಒದ್ದಾಡಬೇಕಿಲ್ಲ, ನಮ್ಮಲ್ಲೇ ಒಳ್ಳೆಯ ಮಾತಿದೆ: ಹಕ್ಕಲು ಆಯುವವರು. ಕಟಾವಾದ ಹೊಲದಲ್ಲಿ ಬಿದ್ದುಳಿದ ತೆನೆ ಹಕ್ಕಲು. ಅದನ್ನು ಆರಿಸಿಕೊಳ್ಳುವುದು ಬಡವರ ಪಾಲು. ಫ್ರಾನ್ಸಿನಲ್ಲೂ ಇದು ಹಳೆಯ ಹಕ್ಕು. ಹೊಲದೊಡೆಯ ಬೆಳೆ ಸಾಗಿಸಿದ ಮೇಲೆ, ಹೊತ್ತು ಮುಳುಗುವ ಮುಂಚೆ, ಬಡವರು ಬಂದು ಆಯ್ದುಕೊಳ್ಳಬಹುದಿತ್ತು.

ಚಿತ್ರವನ್ನು ಹತ್ತಿರದಿಂದ ನೋಡಿ. ಎಡಗಡೆಯವಳು ನೀಲಿ ತಲೆವಸ್ತ್ರದವಳು. ಬಲಗೈ ನೆಲಕ್ಕೆ ಚಾಚಿದೆ. ಎಡಗೈ ಬೆನ್ನ ಹಿಂದೆ, ಅದರಲ್ಲಿ ಈಗಾಗಲೇ ಆಯ್ದ ತೆನೆಗಳ ಹಿಡಿ. ಪಕ್ಕದವಳದು ಕೆಂಪು ತಲೆವಸ್ತ್ರ, ಅವಳೂ ಅಷ್ಟೇ ಬಗ್ಗಿದ್ದಾಳೆ. ಬಲಗಡೆಯವಳು ಅರ್ಧ ಎದ್ದಿದ್ದಾಳೆ. ಎದ್ದಿದ್ದಾಳೋ ಬಗ್ಗುತ್ತಿದ್ದಾಳೋ ಹೇಳಲಾಗದು. ಮುಖಗಳು ಸರಿಯಾಗಿ ಕಾಣುವುದೇ ಇಲ್ಲ. ಬೆಳಕು ಬಿದ್ದಿರುವುದು ಕತ್ತಿನ ಮೇಲೆ, ಭುಜದ ಮೇಲೆ, ಬೆನ್ನಿನ ಮೇಲೆ. ಒಮ್ಮೆಯಾದರೂ ಕಳೆ ಕಿತ್ತವರಿಗೆ ಈ ಬೆನ್ನುಗಳು ಗೊತ್ತಾಗುತ್ತವೆ.

ದೂರದಲ್ಲಿ ಬೇರೆಯದೇ ಲೋಕ. ಬಂಗಾರದ ಬಣ್ಣದ ದೊಡ್ಡ ಬಣವೆಗಳು, ತುಂಬಿದ ಗಾಡಿ, ಕೆಲಸದ ಜನರ ಗುಂಪು. ಬಲತುದಿಯಲ್ಲಿ ಕುದುರೆ ಮೇಲೊಬ್ಬ ಸಣ್ಣದಾಗಿ ಕಾಣುತ್ತಾನೆ. ಜಮೀನಿನ ಉಸ್ತುವಾರಿಯವನು. ಅವನನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತಾನೆ.

1857ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಇದು ಅನೇಕರಿಗೆ ಹಿಡಿಸಲಿಲ್ಲ. 1848ರ ಕ್ರಾಂತಿ ಮುಗಿದು ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಬಡವರನ್ನು ಇಷ್ಟು ದೊಡ್ಡದಾಗಿ, ಇಷ್ಟು ಗಂಭೀರವಾಗಿ ಬರೆದರೆ ಕೆಲವರಿಗೆ ಭಯವೇ ಆಗುತ್ತಿತ್ತು. ಒಬ್ಬ ವಿಮರ್ಶಕ ಈ ಮೂವರನ್ನು ‘ದಾರಿದ್ರ್ಯದ ಮೂರು ವಿಧಿದೇವತೆಗಳು’ ಎಂದು ಅಣಕಿಸಿದ. ಇನ್ನೊಬ್ಬನಿಗೆ ಇವರ ಹಿಂದೆ ದಂಗೆಕೋರರ ಈಟಿಗಳೂ ಮೊದಲ ಕ್ರಾಂತಿಕಾಲದ, 1793ರ ವಧಾಸ್ಥಾನಗಳೂ ಕಂಡವು. ಮಿಲೆಗೆ ದುಡ್ಡಿನ ಅಡಚಣೆ. 4,000 ಫ್ರಾಂಕ್ ಕೇಳಿದ್ದ ಚಿತ್ರವನ್ನು ಚೌಕಾಸಿಯ ಕೊನೆಗೆ 3,000ಕ್ಕೆ ಕೊಟ್ಟ.

ಮೂರು ಸಾವಿರ ಮೂರು ಲಕ್ಷ ಆಗಲು 32 ವರ್ಷ ಹಿಡಿಯಿತು. ಅಷ್ಟರಲ್ಲಿ ಮಿಲೆ ತೀರಿಹೋಗಿದ್ದ, 1875ರಲ್ಲಿ.

ಒಡತಿ ಆದದ್ದು ಹೇಗೆ

ಲೂಯಿಸ್ ಹುಟ್ಟಿದ್ದು 1819ರಲ್ಲಿ, ಆರ್ದೆನ್ ಸೀಮೆಯ ಆನೆಲ್ ಎಂಬ ಹಳ್ಳಿಯಲ್ಲಿ. ಗಂಡ ಅಲೆಕ್ಸಾಂದ್ರ್ ಪೊಮ್ಮೆರಿ ಉಣ್ಣೆ ವ್ಯಾಪಾರಿ. ರೀಮ್ಸ್ ಎಂದರೆ ಆಗ ಉಣ್ಣೆಯ ಊರೂ ಹೌದು. (ಊರಿನವರು ‘ರ‍್ಯಾಂಸ್’ ಅನ್ನುತ್ತಾರೆ. ನಮಗೆ ಅಭ್ಯಾಸವಾಗಿರುವುದು ರೀಮ್ಸ್, ಹಾಗೇ ಇರಲಿ.) 1856ರಲ್ಲಿ ಅವರು ನಾರ್ಸಿಸ್ ಗ್ರೆನೊ ಎಂಬುವರ ಜೊತೆ ಸೇರಿ ವೈನ್ ವ್ಯಾಪಾರಕ್ಕೆ ಕೈಹಾಕಿದರು. ಎರಡೇ ವರ್ಷ, 1858ರಲ್ಲಿ ತೀರಿಕೊಂಡರು. ನಲವತ್ತು ಮುಟ್ಟದ ಹೆಂಡತಿ, ಹದಿಹರೆಯದ ಮಗ, ಕೈಗೂಸು ಮಗಳು, ಇನ್ನೂ ಕಾಲೂರದ ಕಂಪನಿ.

ಇಲ್ಲಿ ಆ ಕಾಲದ ಕಾನೂನನ್ನು ತಿಳಿದುಕೊಳ್ಳಬೇಕು. ನೆಪೋಲಿಯನ್ ತಂದ 1804ರ ಸಂಹಿತೆಯ ಪ್ರಕಾರ ಮದುವೆಯಾದ ಹೆಂಗಸು ಗಂಡನ ಅನುಮತಿ ಇಲ್ಲದೆ ವ್ಯವಹಾರ ಮಾಡುವಂತಿರಲಿಲ್ಲ. ವಿಧವೆಗೆ ಆ ಕಟ್ಟು ಇಲ್ಲ. ಸಹಿ ಹಾಕಬಹುದು, ಸಾಲ ಎತ್ತಬಹುದು, ಆಳುಗಳನ್ನು ನೇಮಿಸಿಕೊಳ್ಳಬಹುದು. ಗಂಡ ಸತ್ತ ಮೇಲೆಯೇ ಕೈಗೆ ಬರುವ ಸ್ವಾತಂತ್ರ್ಯ, ವಿಚಿತ್ರ ಅಲ್ವಾ? ಶಾಂಪೇನ್ ಬಾಟ್ಲಿಗಳ ಮೇಲೆ ‘ವ್ಯೂವ್’ ಎಂಬ ಮಾತು ಕಾಣುವುದು ಇದೇ ಕಾರಣಕ್ಕೆ. ಹಾಗೆಂದರೆ ವಿಧವೆ. ಎಲ್ಲರಿಗಿಂತ ಹೆಸರಾದ ವಿಧವೆ ಕ್ಲಿಕೊ ಕೂಡ ಇದೇ ಊರಿನವರು, 1866ರವರೆಗೂ ಬದುಕಿದ್ದರು. ಅಂದರೆ ಮದಾಮ್ ಪೊಮ್ಮೆರಿ ವ್ಯಾಪಾರ ಕಲಿಯುತ್ತಿದ್ದಾಗ ಅದೇ ಊರಿನಲ್ಲಿ ಒಂದು ಜೀವಂತ ಉದಾಹರಣೆ ಇತ್ತು.

ಅವರು ಉಣ್ಣೆ ಬಿಟ್ಟರು. ಕಂಪನಿಯಲ್ಲಿ ಮುಖ್ಯವಾಗಿದ್ದ ಕೆಂಪು ವೈನ್ ಬಿಟ್ಟು ಗುಳ್ಳೆ ಏಳುವ ವೈನ್ ಕಡೆ ತಿರುಗಿದರು. ಗ್ರೆನೊ ಕೆಲವೇ ವರ್ಷಗಳಲ್ಲಿ ಹಿಂದೆ ಸರಿದರೂ ಅವರ ಹೆಸರು ಲೇಬಲ್ ಮೇಲೆ ಉಳಿಯಿತು. ಹಾನ್ರಿ ವಾನಿಯೆ ಎಂಬ ಯುವಕ ಕೆಲಸಕ್ಕೆ ಸೇರಿ ಬರಬರುತ್ತಾ ಬಲಗೈ ಆದ. ಲಂಡನ್‌ನಲ್ಲಿ ಮಾರಾಟ ನೋಡಿಕೊಳ್ಳಲು ಅದಾಲ್ಫ್ ಉಬಿನೆ ಸಿಕ್ಕ. ಕಂಪನಿಯ ಕಣ್ಣು ಪೂರ್ತಿ ಇಂಗ್ಲೆಂಡಿನ ಮೇಲೆ.

ಸಕ್ಕರೆ ತೆಗೆದ ಕತೆ

ಚಿತ್ರ ಕೊಂಡ ದುಡ್ಡಿನ ಮೂಲ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಶಾಂಪೇನ್ ಎರಡು ಸಲ ಹುದುಗುತ್ತದೆ. ಮೊದಲು ಪೀಪಾಯಿ ಅಥವಾ ತೊಟ್ಟಿಯಲ್ಲಿ, ಆಮೇಲೆ ಬಿರಡೆ ಹಾಕಿದ ಬಾಟ್ಲಿಯೊಳಗೆ. ಎರಡನೇ ಸಲ ಹುಟ್ಟುವ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ, ಅದೇ ಗುಳ್ಳೆ. ಯೀಸ್ಟಿನ ಗಸಿ ಬಾಟ್ಲಿಯಲ್ಲೇ ಉಳಿಯುತ್ತದೆ. ಬಾಟ್ಲಿಯನ್ನು ಕತ್ತು ಕೆಳಗಾಗಿ ಚೌಕಟ್ಟಿಗೆ ಸಿಕ್ಕಿಸಿ, ದಿನಾ ಸ್ವಲ್ಪ ಸ್ವಲ್ಪ ತಿರುಗಿಸಿ, ಗಸಿಯನ್ನು ಬಾಯಿಗೆ ಇಳಿಸಿ, ಚಟ್ಟನೆ ತೆರೆದು ಹೊರಹಾಕುತ್ತಾರೆ. ಆಗ ಖಾಲಿಯಾದ ಜಾಗಕ್ಕೆ ಸಕ್ಕರೆ ಕರಗಿಸಿದ ವೈನ್ ತುಂಬುತ್ತಾರೆ. ಎಷ್ಟು ಸಕ್ಕರೆ ಅನ್ನೋದು ಗಿರಾಕಿಯನ್ನು ನೋಡಿಕೊಂಡು. ಆ ಕಾಲದಲ್ಲಿ ಲೀಟರಿಗೆ 100 ಗ್ರಾಂ ದಾಟುವುದು ಸಾಮಾನ್ಯ. ರಷ್ಯಾದವರಿಗೆ ಇನ್ನೂ ಜಾಸ್ತಿ ಬೇಕಿತ್ತು. ಊಟ ಮುಗಿದ ಮೇಲೆ ಸಿಹಿತಿಂಡಿ ಜೊತೆ ಕುಡಿಯುವ ಪಾನಕ ಅಂದುಕೊಳ್ಳಿ.

ಇಂಗ್ಲೆಂಡಿನವರ ನಾಲಗೆ ಬೇರೆ. ಊಟದ ಜೊತೆಗೇ ಕುಡಿಯುವಂಥದ್ದು ಅವರಿಗೆ ಬೇಕಿತ್ತು. ಸಕ್ಕರೆ ಕಡಿಮೆ ಮಾಡಿ ಲಂಡನ್‌ಗೆ ಕಳಿಸುವ ಪ್ರಯತ್ನ ಮೊದಲೇ ನಡೆದಿತ್ತು. ಹಾಗಾಗಿ ‘ಬ್ರೂಟ್ (ಸಕ್ಕರೆ ತೀರಾ ಕಡಿಮೆ ಇರುವ) ಶಾಂಪೇನನ್ನು ಕಂಡುಹಿಡಿದವರು ಮದಾಮ್ ಪೊಮ್ಮೆರಿ’ ಎಂದು ಬರೆಯುವವರ ಜೊತೆ ನಾನು ಪೂರ್ತಿ ಒಪ್ಪುವುದಿಲ್ಲ. ಅವರು ಮಾಡಿದ್ದು ಅದನ್ನು ಗೆಲ್ಲಿಸಿದ್ದು. ಅದು ಕಂಡುಹಿಡಿಯುವುದಕ್ಕಿಂತ ಕಷ್ಟ.

ಯಾಕೆ ಕಷ್ಟ? ಸಕ್ಕರೆ ತಪ್ಪು ಮುಚ್ಚುತ್ತದೆ. ಅಡುಗೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಕ್ಕರೆ ತೆಗೆದರೆ ಕಾಯಿದ್ರಾಕ್ಷಿಯ ಹುಳಿ, ಅವಸರದ ಒಗರು, ಎಲ್ಲ ನಾಲಗೆಗೆ ಹೊಡೆಯುತ್ತದೆ. ಹಾಗಾಗಿ ಹಣ್ಣು ಚೆನ್ನಾಗಿ ಪಕ್ವವಾಗುವವರೆಗೆ ಗಿಡದಲ್ಲೇ ಬಿಡಬೇಕು. ಶಾಂಪೇನ್ ಸೀಮೆಯ ಹವೆಯಲ್ಲಿ ಹಾಗೆ ಕಾಯುವುದೆಂದರೆ ಮಳೆಗೂ ಕೊಳೆರೋಗಕ್ಕೂ ಮೈಯೊಡ್ಡಿದ ಹಾಗೆ. ಬಾಟ್ಲಿಗಳನ್ನು ನೆಲಮಾಳಿಗೆಯಲ್ಲಿ ಇನ್ನೂ ಕೆಲವು ವರ್ಷ ಜಾಸ್ತಿ ಇಡಬೇಕು, ಹಾಕಿದ ಬಂಡವಾಳ ಅಷ್ಟು ದಿನ ಕತ್ತಲಲ್ಲಿ ಮಲಗಿರುತ್ತದೆ. ಮಾಳಿಗೆಯ ಮುಖ್ಯಸ್ಥ ಒಲಿವಿಯೆ ದಮಾಸ್ ಜೊತೆ ಸೇರಿ ಅವರು ಈ ಪಂದ್ಯ ಕಟ್ಟಿದರು. 1874 ಒಳ್ಳೆಯ ಫಸಲಿನ ವರ್ಷ. ಆ ವರ್ಷದ ಪೊಮ್ಮೆರಿ ಲಂಡನ್‌ನಲ್ಲಿ ಹೆಸರು ಮಾಡಿತು. ಇವತ್ತು ಬ್ರೂಟ್ ಎಂದು ಕರೆಸಿಕೊಳ್ಳಲು ಲೀಟರಿಗೆ 12 ಗ್ರಾಂ ಒಳಗಿರಬೇಕು. ಈಗ ಪ್ರಪಂಚದಲ್ಲಿ ಮಾರಾಟವಾಗುವ ಶಾಂಪೇನಿನಲ್ಲಿ ಹೆಚ್ಚಿನ ಪಾಲು ಅದೇ.

ನೆಲದಡಿಯ ಕಲೆ

ಬಾಟ್ಲಿಗಳನ್ನು ಇಷ್ಟು ವರ್ಷ ಮಲಗಿಸಲು ಜಾಗ ಬೇಕಲ್ಲ. ರೀಮ್ಸ್‌ನ ಅಂಚಿನ ಸೇಂಟ್ ನಿಕೇಸ್ ದಿಬ್ಬದ ಕೆಳಗೆ ಹಳೆಯ ಸೀಮೆಸುಣ್ಣದ ಗಣಿಗುಂಡಿಗಳಿದ್ದವು. ರೋಮನ್ನರ ಕಾಲದಿಂದ ಊರು ಕಟ್ಟಲು ಕಲ್ಲು ತೆಗೆದ ಗುಂಡಿಗಳು. ಮೇಲೆ ಬಾಯಿ ಸಣ್ಣದು, ಕೆಳಗೆ ಹೋದಂತೆ ಅಗಲ, ಪಿರಮಿಡ್ಡಿನ ಆಕಾರ. 1868ರಲ್ಲಿ ಕೆಲಸ ಶುರುವಾಯಿತು. ನಡುವೆ 1870ರ ಯುದ್ಧ ಬಂತು, ಊರು ಪ್ರಷ್ಯನ್ ಸೇನೆಯ ಕೈಗೆ ಹೋಯಿತು. ಯುದ್ಧ ಮುಗಿದ ಮೇಲೂ ಅಗೆತ ಮುಂದುವರಿಯಿತು. ಸುಮಾರು 120 ಗುಂಡಿಗಳನ್ನು ಒಂದಕ್ಕೊಂದು ಸೇರಿಸಿ 18 ಕಿ.ಮೀ. ಉದ್ದದ ಸುರಂಗ ಮಾಡಿದರು. ಇಳಿಯಲು 116 ಮೆಟ್ಟಿಲು, ಆಳ 30 ಮೀಟರ್. ಬೇಸಿಗೆಯಿರಲಿ, ಚಳಿಗಾಲವಿರಲಿ, ಒಳಗೆ 10 ಡಿಗ್ರಿ. ಸುರಂಗಗಳಿಗೆ ಗಿರಾಕಿಗಳ ಊರುಗಳ ಹೆಸರಿಟ್ಟರು: ಮ್ಯಾಂಚೆಸ್ಟರ್, ಲಿವರ್‌ಪೂಲ್, ಬ್ಯೂನಸ್ ಐರಿಸ್. ಮೇಲೆ ಎದ್ದ ಕಟ್ಟಡಗಳದು ಇಂಗ್ಲಿಷ್ ಶೈಲಿ. ಗಿರಾಕಿಯನ್ನು ಖುಷಿಪಡಿಸುವುದರಲ್ಲಿ ಮದಾಮ್‌ಗೆ ನಾಚಿಕೆ ಇರಲಿಲ್ಲ.

1880ರ ದಶಕದಲ್ಲಿ ಗುಸ್ತಾವ್ ನಾವ್ಲೆ ಎಂಬ ಶಿಲ್ಪಿ ಇಲ್ಲಿಗೆ ಇಳಿದ. ಗುಂಡಿಗಳ ಸುಣ್ಣದ ಗೋಡೆಯ ಮೇಲೇ ದೊಡ್ಡ ದೊಡ್ಡ ಉಬ್ಬುಚಿತ್ರ ಕೆತ್ತಿದ. ದ್ರಾಕ್ಷಿಯ ದೇವರು ಬ್ಯಾಕಸ್ಸನ ಹಬ್ಬ, ಅವನ ಮುದಿ ಗುರು ಸೈಲೀನಸ್, ಹದಿನೆಂಟನೇ ಶತಮಾನದವರ ಶಾಂಪೇನ್ ಊಟ. ಸೀಮೆಸುಣ್ಣ ಮೆತ್ತಗಿನ ಕಲ್ಲು, ಉಳಿಗೆ ಬೇಗ ಬಗ್ಗುತ್ತದೆ. ಆದರೆ ಕೆಲಸ ನಡೆದದ್ದು ಮೇಣದಬತ್ತಿಯ ಬೆಳಕಿನಲ್ಲಿ, ಎಲುಬು ಕೊರೆಯುವ ತಂಪಿನಲ್ಲಿ.

ಯೋಚಿಸಿ ನೋಡಿ. ಮನೆಯ ಹಜಾರದಲ್ಲಿ ಅಲ್ಲ, ಗೋದಾಮಿನಲ್ಲಿ ಶಿಲ್ಪ. ದೊಡ್ಡ ಗಿರಾಕಿಗಳು ಬಂದಾಗ ತೋರಿಸಲು ಅನುಕೂಲ, ನಿಜ. ಆದರೆ ಅದನ್ನು ದಿನಾ ನೋಡುತ್ತಿದ್ದವರು ಸಾವಿರಗಟ್ಟಲೆ ಬಾಟ್ಲಿ ತಿರುಗಿಸುವ ಕೆಲಸಗಾರರು. ಕೆಲಸಗಾರರಿಗೆ ಪಿಂಚಣಿ ಮತ್ತು ಕಾಯಿಲೆಯ ಖರ್ಚಿನ ನಿಧಿಯನ್ನೂ ಈ ಮನೆ ಬೇಗನೆ ಶುರುಮಾಡಿತ್ತು. ಮದಾಮ್ ಪೊಮ್ಮೆರಿಗೆ ಕಲೆ ಬೇರೆ, ವ್ಯಾಪಾರ ಬೇರೆ ಎಂಬ ಗೋಡೆ ಇರಲಿಲ್ಲ ಎಂದು ನನಗನ್ನಿಸುವುದು ಈ ಗುಂಡಿಗಳನ್ನು ನೆನೆದಾಗ.

1889

ಈಗ ಚಿತ್ರಕ್ಕೆ ವಾಪಸ್. ಆ ವರ್ಷ ಪ್ಯಾರಿಸ್‌ನಲ್ಲಿ ವಿಶ್ವ ಪ್ರದರ್ಶನ, ಹೊಸದಾಗಿ ಎದ್ದ ಐಫೆಲ್ ಗೋಪುರ, 1789ರ ಮಹಾಕ್ರಾಂತಿಯ ನೂರನೇ ವರ್ಷದ ಸಂಭ್ರಮ. ಅದರ ನಡುವೆ ಒಂದು ಮುಖಭಂಗವೂ ಆಯಿತು.

ಸೆಕ್ರೆತಾನ್ ಎಂಬ ತಾಮ್ರದ ದೊರೆ ಲೋಕದ ತಾಮ್ರವನ್ನೆಲ್ಲ ಕೂಡಿಹಾಕಿ ಬೆಲೆ ಏರಿಸಲು ಹೋಗಿ ಮುಳುಗಿಹೋಗಿದ್ದ. ಅವನ ಚಿತ್ರಗಳು ಜುಲೈ 1ರಂದು ಹರಾಜಿಗೆ ಬಂದವು. ಅದರಲ್ಲಿ ಮಿಲೆಯ ಇನ್ನೊಂದು ಚಿತ್ರ ‘ಆಂಜೆಲಸ್’ ಇತ್ತು. ಸಂಜೆಯ ಗಂಟೆ ಕೇಳಿ ಹೊಲದಲ್ಲೇ ತಲೆಬಾಗಿ ನಿಂತ ಗಂಡ ಹೆಂಡತಿಯ ಚಿತ್ರ. ಮಿಲೆ ಅದನ್ನು 1,000 ಫ್ರಾಂಕಿಗೆ ಕೊಟ್ಟಿದ್ದ. ಅಮೆರಿಕದವರು ಬೆಲೆ ಏರಿಸುತ್ತಾ ಹೋದರು. ಅಂತೋನಿನ್ ಪ್ರೂಸ್ತ್ ಎಂಬ ರಾಜಕಾರಣಿ ದೇಶದ ಪರವಾಗಿ 5,53,000 ಫ್ರಾಂಕಿಗೆ ಕೂಗಿ ಗೆದ್ದರು. ಆದರೆ ಸಂಸತ್ತು ದುಡ್ಡು ಕೊಡಲಿಲ್ಲ. ಚಿತ್ರ ಅಮೆರಿಕಕ್ಕೆ ಹೋಯಿತು. ಪತ್ರಿಕೆಗಳಲ್ಲಿ ಗಲಾಟೆಯೋ ಗಲಾಟೆ.

ಮದಾಮ್ ಪೊಮ್ಮೆರಿ ‘ಹಕ್ಕಲು ಆಯುವವರು’ ಕೊಂಡದ್ದು ಇದೇ ವರ್ಷ. ಆಗ ಅದು ಬಿಶಾಫ್‌ಶೈಮ್ ಎಂಬುವರ ಸಂಗ್ರಹದಲ್ಲಿತ್ತು. ಮಿಲೆಯ ಚಿತ್ರ ದೇಶದ ಮಾನದ ಪ್ರಶ್ನೆಯಾಗಿದ್ದ ವರ್ಷ ಅದು. ಸರ್ಕಾರದ ಕೈಯಲ್ಲಿ ಆಗದ್ದನ್ನು ರೀಮ್ಸ್‌ನ ವೈನ್ ವ್ಯಾಪಾರದ ಹೆಂಗಸು ಮಾಡಿದರು. ಇದರಿಂದ ಕಂಪನಿಯ ಹೆಸರಿಗೆ ಲಾಭ ಆಗಲಿಲ್ಲವೇ? ಆಗದೆ ಇರುತ್ತದೆಯೇ! ಮಗಳನ್ನು ಹತ್ತು ವರ್ಷದ ಹಿಂದೆ ಪೊಲಿನ್ಯಾಕ್ ಎಂಬ ಹಳೆಯ ಅರಸು ಮನೆತನಕ್ಕೆ ಕೊಟ್ಟಿದ್ದರು. ಉಣ್ಣೆ ವ್ಯಾಪಾರಿಯ ವಿಧವೆ ಈಗ ದೇಶದ ಮ್ಯೂಸಿಯಂಗೆ ದಾನ ಕೊಡುವವರ ಸಾಲಿನಲ್ಲಿ. ಆದರೆ ಬರೀ ಹೆಸರು ಬೇಕಿದ್ದರೆ ಆ ಕಾಲದಲ್ಲಿ ಅದಕ್ಕೆ ಸುಲಭದ ಚಿತ್ರಗಳು ಬೇಕಾದಷ್ಟಿದ್ದವು. ‘ಆಂಜೆಲಸ್’ನಲ್ಲಿ ಭಕ್ತಿ ಇದೆ, ನೋಡಿದವರಿಗೆ ಸಮಾಧಾನ ಆಗುತ್ತದೆ. ‘ಹಕ್ಕಲು ಆಯುವವರು’ ಯಾರಿಗೂ ಸಮಾಧಾನ ಹೇಳುವುದಿಲ್ಲ.

ದಾನಪತ್ರದಲ್ಲಿ ಒಂದು ಷರತ್ತಿತ್ತು. ನಮ್ಮಲ್ಲಿ ಮನೆ ಬರೆದುಕೊಡುವ ಹಿರಿಯರು ‘ನಾನಿರುವ ತನಕ ವಾಸದ ಹಕ್ಕು ನನ್ನದೇ’ ಎಂದು ಸೇರಿಸುತ್ತಾರಲ್ಲ, ಅದೇ ರೀತಿ. ಒಡೆತನ ದೇಶಕ್ಕೆ, ಅನುಭೋಗ ತಮಗೆ. ಕೊಟ್ಟೂ ಇಟ್ಟುಕೊಂಡ ಹಾಗೆ. ನನಗೆ ಇದರಲ್ಲಿ ಜಿಪುಣತನ ಕಾಣುವುದಿಲ್ಲ. ಚಿತ್ರ ಇಷ್ಟವಾಗಿ ಕೊಂಡವರು ಹೀಗೇ ಮಾಡುತ್ತಾರೆ. ಆದರೆ ಹೆಚ್ಚು ದಿನ ಸಿಗಲಿಲ್ಲ. 1890ರ ಮಾರ್ಚಿನಲ್ಲಿ ಶಿನ್ಯಿ ಎಂಬ ಹಳ್ಳಿಯಲ್ಲಿ ಅವರು ತೀರಿಕೊಂಡರು. ಅಲ್ಲಿ ಅವರ ಗುಲಾಬಿ ತೋಟ ಇತ್ತು. ಆ ಹಳ್ಳಿಯ ಹೆಸರು ಈಗ ಶಿನ್ಯಿ ಲೆ ರೋಸ್. ರೋಸ್ ಎಂದರೆ ಗುಲಾಬಿಯೇ.

ಲೆಕ್ಕ ಹಾಕಿದರೆ

ಮಿಲೆಗೆ 3,000 ಸಿಕ್ಕಿತು. ಚಿತ್ರ ಕೈ ಬದಲಾಯಿಸುತ್ತಾ ಏರಿದ ಬೆಲೆಯಲ್ಲಿ ಅವನ ಮನೆಯವರಿಗೆ ಬಿಡಿಗಾಸೂ ಬರಲಿಲ್ಲ. ‘ಆಂಜೆಲಸ್’ನಲ್ಲೂ ಅಷ್ಟೇ. ಈ ಅನ್ಯಾಯದ ಮಾತು ಫ್ರಾನ್ಸಿನಲ್ಲಿ ಮತ್ತೆ ಮತ್ತೆ ಎದ್ದಿತು. 1920ರಲ್ಲಿ ಅಲ್ಲಿ ಕಾನೂನು ಬಂತು: ಚಿತ್ರ ಹರಾಜಿನಲ್ಲಿ ಮರುಮಾರಾಟವಾದರೆ ಬರೆದವನಿಗೆ ಅಥವಾ ಅವನ ವಾರಸುದಾರರಿಗೆ ಸಣ್ಣದೊಂದು ಪಾಲು. ನಮ್ಮ ಕಾಪಿರೈಟ್ ಕಾಯ್ದೆಗೂ 1994ರಲ್ಲಿ ಇಂಥದೇ ಒಂದು ಕಲಮು ಸೇರಿತು, 53ಎ. ಕಾಗದದಲ್ಲಿ ಇದೆ ಅನ್ನೋದು ಅನೇಕ ಕಲಾವಿದರಿಗೇ ಗೊತ್ತಿಲ್ಲ.

ಮ್ಯೂಸಿಯಂಗೆ ಚಿತ್ರ ಸಿಕ್ಕಿತು. ಅಮೆರಿಕಕ್ಕೆ ಹೋಗಿದ್ದ ‘ಆಂಜೆಲಸ್’ ಕೂಡ ಮರಳಿತು. ಬಟ್ಟೆಬರೆ ಮಾರುವ ದೊಡ್ಡ ಮಳಿಗೆಯ ಒಡೆಯ ಶೊಶಾರ್ ಅದನ್ನು 1890ರಲ್ಲಿ ಸುಮಾರು 8 ಲಕ್ಷ ಫ್ರಾಂಕಿಗೆ ವಾಪಸು ಕೊಂಡು ಕೊನೆಗೆ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ಬಿಟ್ಟ. ರೈತರ ಬದುಕಿನ ಎರಡು ಚಿತ್ರಗಳನ್ನು ಫ್ರಾನ್ಸಿಗೆ ಉಳಿಸಿದ್ದು ಇಬ್ಬರು ವ್ಯಾಪಾರಿಗಳು.

ಕಂಪನಿಗೆ ಒಂದು ಚಾಳಿ ಸಿಕ್ಕಿತು ಅನ್ನಬಹುದು. ವಾನಿಯೆ ತಾನು ಕೂಡಿಸಿದ ಚಿತ್ರಗಳನ್ನೆಲ್ಲ 1907ರಲ್ಲಿ ರೀಮ್ಸ್ ಊರಿಗೆ ಬಿಟ್ಟುಹೋದ. ಅದಕ್ಕೂ ಮೊದಲು, ಅಮೆರಿಕದ ಸೇಂಟ್ ಲೂಯಿಸ್‌ನ 1904ರ ವಿಶ್ವ ಪ್ರದರ್ಶನಕ್ಕಾಗಿ ಎಮಿಲ್ ಗಾಲೆ ಎಂಬ ಕಲಾವಿದನಿಂದ ಕೆತ್ತನೆ ಮಾಡಿಸಿದ ದೈತ್ಯ ಪೀಪಾಯಿ ಕಳಿಸಿದ್ದ. ಅದರಲ್ಲಿ 75,000 ಲೀಟರ್ ಹಿಡಿಯುತ್ತದೆ. ಅದು ಈಗಲೂ ರೀಮ್ಸ್‌ನಲ್ಲಿದೆ. 2000ದ ದಶಕದಿಂದ ಅದೇ ಸುರಂಗಗಳಲ್ಲಿ ಇಂದಿನ ಕಲಾವಿದರ ಪ್ರದರ್ಶನಗಳು ನಡೆಯುತ್ತವೆ. 2015ರಲ್ಲಿ ಸೇಂಟ್ ನಿಕೇಸ್ ದಿಬ್ಬ ಯುನೆಸ್ಕೋ ಪಟ್ಟಿಗೂ ಸೇರಿತು.

ಇದನ್ನು ಬರೆಯಲು ಕೂತಾಗ ಮದಾಮ್ ಪೊಮ್ಮೆರಿಯನ್ನೇ ಹಕ್ಕಲು ಆಯ್ದವರು ಎಂದು ಬರೆದುಬಿಡುವ ಆಸೆ ಆಯಿತು. ಹಳೇ ಗಣಿಗುಂಡಿ ಆಯ್ದರು, ಯಾರಿಗೂ ಬೇಡವಾಗಿದ್ದ ಸಿಹಿಯಿಲ್ಲದ ವೈನ್ ಆಯ್ದರು, ಬೈಸಿಕೊಂಡ ಚಿತ್ರ ಆಯ್ದರು. ಚೆನ್ನಾಗಿ ಕೇಳಿಸುತ್ತದೆ, ಆದರೆ ಸುಳ್ಳು. ಹಕ್ಕಲು ಆಯುವವರು ಆರಿಸಿಕೊಳ್ಳುವುದಿಲ್ಲ, ಸಿಕ್ಕಿದ್ದನ್ನು ಮಡಿಲಿಗೆ ಹಾಕಿಕೊಳ್ಳುತ್ತಾರೆ. ಆ ಚಿತ್ರದೊಳಗೆ ಮದಾಮ್‌ಗೆ ಜಾಗ ಇದ್ದರೆ ಅದು ಬಲತುದಿಯಲ್ಲಿ, ಕುದುರೆ ಸವಾರನ ಕಡೆ. ಬಣವೆ ಅವರದು, ಗಾಡಿ ಅವರದು. ಅಲ್ಲಿಂದ ತಿರುಗಿ ಈ ಮೂರು ಬೆನ್ನುಗಳನ್ನು ನೋಡಿದರು, ನೋಡಲು ಮೂರು ಲಕ್ಷ ಕೊಟ್ಟರು. ಮಿಲೆ ಸವಾರನನ್ನು ಹೆಬ್ಬೆರಳ ಉಗುರಿನಷ್ಟು ಸಣ್ಣಗೆ ಬರೆದಿದ್ದಾನೆ ಅನ್ನೋದು ಅವರ ಕಣ್ಣಿಗೆ ಬೀಳದೆ ಇರಲಿಕ್ಕಿಲ್ಲ.

1891ರಲ್ಲಿ ಚಿತ್ರ ಲೂವ್ರ್ ಸೇರಿತು. 1986ರಲ್ಲಿ ಸೇನ್ ನದಿಯ ಆಚೆ ದಡದ ಓರ್ಸೆ ಮ್ಯೂಸಿಯಂಗೆ ಬಂತು. ಹಿಂದೆ ರೈಲು ನಿಲ್ದಾಣವಾಗಿದ್ದ ಕಟ್ಟಡ ಅದು. ಮ್ಯೂಸಿಯಂನ ದಾಖಲೆಯಲ್ಲಿ ಆ ಹಳೆಯ ಷರತ್ತು ಇವತ್ತಿಗೂ ಹಾಗೇ ಇದೆ: ಮದಾಮ್ ಪೊಮ್ಮೆರಿ ಅವರ ದಾನ, ಅನುಭೋಗದ ಹಕ್ಕು ಉಳಿಸಿಕೊಂಡು, 1890.